ಬಿಂದು, ರೇಖೆ, ಸಮತಲ: ದಕ್ಷಿಣವನ್ನು ಅಳೆದ ಕರ್ನಲ್ ಲ್ಯಾಂಬ್ಟನ್

ಸಿಂಧನೂರು: ರಾಯಚೂರು ಜಿಲ್ಲೆಯ ನಕ್ಷೆಯನ್ನು ಬಿಡಿಸಿ ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಪಟ್ಟಣಗಳ ಮೇಲೆ ಒಂದೊಂದು ಚುಕ್ಕೆಯಿಟ್ಟು ಅಳತೆಪಟ್ಟಿಯನ್ನು ಹೊಂದಿಸಿದರೆ ಕುತೂಹಲದ ಸಂಗತಿಯೊಂದು ಗೋಚರಿಸುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ ಸಾಗುವ ಹೆಚ್ಚುಕಡಿಮೆ ಒಂದೇ ಸರಳರೇಖೆಯ ಮೇಲೆ ಈ ಮೂರೂ ಊರುಗಳು ಸಾಲಾಗಿ ನಿಂತಿವೆ. ಬಸ್ಸಿನಲ್ಲಿ ಓಡಾಡುವವರಿಗೆ ಇದು ಅನುಕೂಲವೇ ಸರಿ. ಆದರೆ ಭೂಮಾಪಕನ ಪಾಲಿಗೆ ಇದು ತಲೆನೋವು. ಒಂದೇ ರೇಖೆಯ ಮೇಲಿರುವ ಮೂರು ಬಿಂದುಗಳಿಂದ ತ್ರಿಕೋನ ಆಗದು. ತ್ರಿಕೋನ ಆಗದಿದ್ದರೆ ಅಳೆಯದೆ ದೂರವನ್ನು ಲೆಕ್ಕ ಹಾಕುವ ದಾರಿಯೂ ಇಲ್ಲ. ಪಶ್ಚಿಮಕ್ಕಿರುವ ಮುದಗಲ್ಲಿನ ಕೋಟೆಯ ಗುಡ್ಡವನ್ನು ನಾಲ್ಕನೆಯ ಬಿಂದುವಾಗಿ ಸೇರಿಸಿಕೊಂಡರೆ ಮಾತ್ರ ಅವನ ಕೆಲಸ ಆರಂಭವಾಗುತ್ತದೆ.

ಎರಡು ಬಿಂದುಗಳ ಮೂಲಕ ಒಂದೇ ಸರಳರೇಖೆ ಹಾಯುತ್ತದೆ, ಒಂದೇ ರೇಖೆಯ ಮೇಲಿರದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂಬ ಪಾಠವನ್ನು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ನಿಯಮಗಳನ್ನೇ ಹಿಡಿದುಕೊಂಡು ಒಬ್ಬ ಮನುಷ್ಯ ಎರಡು ದಶಕಗಳಿಗೂ ಹೆಚ್ಚು ಕಾಲ ಬಿಸಿಲು, ಮಳೆ, ಜ್ವರಗಳ ನಡುವೆ ದಕ್ಷಿಣ ಭಾರತವನ್ನು ಅಳೆದ. ಅಳೆಯುವ ದಾರಿಯಲ್ಲಿಯೇ ಪ್ರಾಣಬಿಟ್ಟ. ಆತನೇ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಲ್ಯಾಂಬ್ಟನ್. ಆತ ಗತಿಸಿ 2023ರ ಜನವರಿ 20ಕ್ಕೆ ಇನ್ನೂರು ವರ್ಷ ತುಂಬಿತು. ಆತನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟ್‌ನ ಹೆಸರು ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅಂಟಿಕೊಂಡು ಮನೆಮಾತಾಯಿತು. ಅಡಿಪಾಯ ಹಾಕಿದವನನ್ನು ನೆನೆಯುವವರು ವಿರಳ.

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನ ನಾರ್ಥಲರ್ಟನ್ ಸಮೀಪದ ಕ್ರಾಸ್ಬಿ ಗ್ರೇಂಜ್‌ನಲ್ಲಿ, 1753ರ ಆಸುಪಾಸಿನಲ್ಲಿ, ತೀರ ಸಾಮಾನ್ಯ ಕುಟುಂಬವೊಂದರಲ್ಲಿ ಲ್ಯಾಂಬ್ಟನ್ ಹುಟ್ಟಿದ. ಗಣಿತದಲ್ಲಿ ಅವನಿಗೆ ಅಪಾರ ಆಸಕ್ತಿ. ಹೊಟ್ಟೆಪಾಡಿಗೆ ಸಿಕ್ಕಿದ್ದು ಮಾತ್ರ ಸೈನ್ಯ. 1781ರಲ್ಲಿ 33ನೆಯ ಪದಾತಿ ದಳವನ್ನು ಸೇರಿ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಕಡೆಯಿಂದ ಹೋರಾಡಿ, ಯಾರ್ಕ್‌ಟೌನಿನಲ್ಲಿ ಸೆರೆಸಿಕ್ಕಿದ. ಬಿಡುಗಡೆಯ ಬಳಿಕ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕ ವಸತಿಗಳ ಮೇಲ್ವಿಚಾರಣೆ ಹಾಗೂ ವಲಸಿಗರಿಗೆ ಹಂಚುವ ಜಮೀನಿನ ಅಳತೆಯಲ್ಲಿ ಸುಮಾರು ಹದಿಮೂರು ವರ್ಷ ಕಳೆದ. ಸೂರ್ಯಗ್ರಹಣವನ್ನು ವೀಕ್ಷಿಸಲು ಹೋಗಿ ಒಂದು ಕಣ್ಣಿನ ದೃಷ್ಟಿಯನ್ನು ಅಲ್ಲಿಯೇ ಕಳೆದುಕೊಂಡನೆಂದು ಆತನ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ದೂರದರ್ಶಕದ ಮೂಲಕ ನೋಡುವುದನ್ನೇ ಬದುಕಾಗಿಸಿಕೊಂಡ ಮನುಷ್ಯನಿಗೆ ಇದ್ದದ್ದು ಒಂದೇ ಕಣ್ಣು!

ಶ್ರೀರಂಗಪಟ್ಟಣದ ರಾತ್ರಿ

1796ರ ಸುಮಾರಿಗೆ ತನ್ನ ದಳದೊಂದಿಗೆ ಲ್ಯಾಂಬ್ಟನ್ ಭಾರತಕ್ಕೆ ಬಂದ. ದಳದ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್‌ನ ಅಧಿಕಾರಿಗಳಲ್ಲೊಬ್ಬನಾಗಿದ್ದ. ಒಂದು ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ತೋಪೊಂದನ್ನು ಶೋಧಿಸಿ ಹಿಂದಿರುಗುತ್ತಿದ್ದ ಬೇರ್ಡ್‌ನ ಪಡೆ ಕತ್ತಲಲ್ಲಿ ದಿಕ್ಕು ತಪ್ಪಿತು. ಪಡೆ ಉತ್ತರಕ್ಕೆ ಹೋಗುತ್ತಿಲ್ಲ, ದಕ್ಷಿಣಕ್ಕೆ, ಅಂದರೆ ನೇರವಾಗಿ ಟಿಪ್ಪುವಿನ ಪಾಳೆಯದ ಕಡೆಗೇ ಹೋಗುತ್ತಿದೆ ಎಂದು ಲ್ಯಾಂಬ್ಟನ್ ಎಚ್ಚರಿಸಿದ. ಅವನಿಗೆ ಆಧಾರವಾಗಿದ್ದುದು ಆಕಾಶದ ನಕ್ಷತ್ರಗಳು. ಜನರಲ್ ಮೊದಲು ನಂಬಲಿಲ್ಲ. ದೀಪ ಹೊತ್ತಿಸಿ ದಿಕ್ಸೂಚಿ ನೋಡಿದಾಗ ಗಣಿತಜ್ಞನ ಮಾತೇ ನಿಜವಾಯಿತು.

ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು, ಟಿಪ್ಪು ಸುಲ್ತಾನ್ ಮಡಿದ. ಕಂಪನಿಯ ಕೈಗೆ ಅಪಾರ ಭೂಪ್ರದೇಶ ಬಂತು. ಗೆದ್ದ ನೆಲದ ನಕ್ಷೆ ಬರೆಯಲು ಕಾಲಿನ್ ಮೆಕೆಂಜಿ ನೇಮಕಗೊಂಡ. ಲ್ಯಾಂಬ್ಟನ್ ಮುಂದಿಟ್ಟ ಯೋಜನೆ ಬೇರೆಯದು. ಊರು, ಕೆರೆ, ದಾರಿಗಳನ್ನು ಒಂದೊಂದಾಗಿ ಬರೆಯುವುದಕ್ಕೆ ಮುಂಚೆ ಸಮುದ್ರದಿಂದ ಸಮುದ್ರದವರೆಗೆ ಕದಲದ ಬಿಂದುಗಳ ಒಂದು ಜಾಲವನ್ನು ನಿಲ್ಲಿಸಬೇಕು, ಉಳಿದೆಲ್ಲ ನಕ್ಷೆಗಳೂ ಆ ಜಾಲಕ್ಕೆ ಕಟ್ಟುಬೀಳಬೇಕು ಎಂಬುದು ಅದರ ತಿರುಳು. ಜೊತೆಗೆ ಭೂಮಿಯ ನಿಜವಾದ ಆಕಾರವನ್ನು ಕಂಡುಹಿಡಿಯುವ ಹಂಬಲವೂ ಇತ್ತು. ವೆಲ್ಲೆಸ್ಲಿಯ ಬೆಂಬಲದಿಂದ ಮದ್ರಾಸ್ ಸರ್ಕಾರ ಒಪ್ಪಿತು. ಆಗ ಲ್ಯಾಂಬ್ಟನ್‌ನ ವಯಸ್ಸು ನಲವತ್ತೈದು ದಾಟಿತ್ತು. ಬೇರೆಯವರು ನಿವೃತ್ತಿಯ ಚಿಂತೆ ಮಾಡುವ ಹೊತ್ತಿನಲ್ಲಿ ಆತ ಬದುಕಿನ ಕೆಲಸವನ್ನು ಶುರುಮಾಡಿದ.

ಒಂದು ಗೆರೆಗೆ ಐವತ್ತೇಳು ದಿನ

ಈ ಕೆಲಸದ ಮರ್ಮವನ್ನು ನಮ್ಮ ಊರುಗಳನ್ನೇ ಇಟ್ಟುಕೊಂಡು ತಿಳಿಯಬಹುದು. ಲಿಂಗಸುಗೂರಿನಿಂದ ಮಸ್ಕಿಗೆ ನೇರ ದೂರ ಸುಮಾರು 26 ಕಿ.ಮೀ. ಇದೊಂದನ್ನು ನೆಲದ ಮೇಲೆ ಕರಾರುವಾಕ್ಕಾಗಿ ಅಳೆದೆವೆನ್ನಿ. ಬಳಿಕ ಲಿಂಗಸುಗೂರಿನಲ್ಲಿ ನಿಂತು ಮಸ್ಕಿಗೂ ಮುದಗಲ್ಲಿಗೂ ನಡುವಿನ ಕೋನವನ್ನು, ಮಸ್ಕಿಯಲ್ಲಿ ನಿಂತು ಲಿಂಗಸುಗೂರಿಗೂ ಮುದಗಲ್ಲಿಗೂ ನಡುವಿನ ಕೋನವನ್ನು ನೋಡಿಕೊಂಡರೆ ಸಾಕು. ಮುದಗಲ್ಲಿಗೆ ಕಾಲಿಡದೆಯೇ ಉಳಿದೆರಡು ದೂರಗಳೂ ಲೆಕ್ಕದಲ್ಲಿ ಸಿಕ್ಕುತ್ತವೆ. ಆ ಬಾಹುವನ್ನು ಆಧಾರವಾಗಿಟ್ಟುಕೊಂಡು ಮುಂದಿನ ಗುಡ್ಡಕ್ಕೆ, ಅಲ್ಲಿಂದ ಅದರಾಚೆಯ ಗುಡ್ಡಕ್ಕೆ ತ್ರಿಕೋನಗಳ ಸರಪಳಿ ಬೆಳೆಯುತ್ತ ಹೋಗುತ್ತದೆ. ನೆಲದ ಮೇಲೆ ಅಳೆಯಬೇಕಾದದ್ದು ಮೊದಲಿನ ಒಂದು ಗೆರೆ ಮಾತ್ರ. ಆ ಗೆರೆಯಲ್ಲಿ ಬೆರಳಗಲದ ತಪ್ಪಾದರೂ ಸರಪಳಿ ಉದ್ದವಾದಂತೆ ತಪ್ಪೂ ಬೆಳೆಯುತ್ತದೆ. ಲ್ಯಾಂಬ್ಟನ್‌ನ ಜೀವಮಾನದ ಆತಂಕವೆಲ್ಲ ಇದೇ ಆಗಿತ್ತೆನ್ನಬಹುದು.

1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಮೊದಲ ಆಧಾರರೇಖೆಯನ್ನು ಆತ ಅಳೆದ. ಉತ್ತಮ ಉಪಕರಣ ಇನ್ನೂ ಬಂದಿರಲಿಲ್ಲ. ಕೈಗೆ ಸಿಕ್ಕಿದ್ದು ನೂರು ಅಡಿಯ ಒಂದು ಉಕ್ಕಿನ ಸರಪಳಿ. ಅದರ ಕಥೆಯೂ ಸ್ವಾರಸ್ಯಕರವಾಗಿದೆ. ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ 1793ರಲ್ಲಿ ಚೀನಾದ ಚಕ್ರವರ್ತಿಗೆ ಒಯ್ದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಸ್ವೀಕಾರವಾಗದೆ ಕಲ್ಕತ್ತೆಗೆ ಬಂದು ಬಿದ್ದಿದ್ದ ಸರಪಳಿ ಕಡೆಗೆ ಕನ್ನಡ ನೆಲವನ್ನು ಅಳೆಯಿತು!

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆಯ ಅಳತೆ ಆರಂಭವಾಯಿತು. ಇದರ ಉದ್ದವೂ ಸುಮಾರು ಏಳೂವರೆ ಮೈಲಿ. ಸರಪಳಿಯನ್ನು ನೆಲದ ಮೇಲೆ ಎಳೆದಾಡುವಂತಿರಲಿಲ್ಲ. ಕಾಲುಗಳ ಮೇಲೆ ನಿಲ್ಲಿಸಿದ ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ ಅದನ್ನು ಮಲಗಿಸಿ, ಭಾರ ತೂಗುಬಿಟ್ಟು ಬಿಗಿಗೊಳಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತೆಂಬುದನ್ನು ಬರೆದುಕೊಂಡು ಒಂದೊಂದೇ ನೂರಡಿ ಮುಂದೆ ಸಾಗಬೇಕು. ಹೀಗೆ ನಾನೂರು ಬಾರಿ. ಈ ಒಂದು ಗೆರೆಗೆ ಹಿಡಿದದ್ದು ಐವತ್ತೇಳು ದಿನ. ನಡೆದು ಹೋಗುವವನಿಗೆ ಅದು ಒಂದು ಬೆಳಗಿನ ದಾರಿ.

ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಯಂತ್ರವನ್ನು ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ. ಅರ್ಧ ಟನ್ ತೂಕ, ಮೂರು ಅಡಿ ವ್ಯಾಸದ ಅಂಶಚಕ್ರ. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಒಳಗಿರುವುದು ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ ಅಲ್ಲಿನ ಗವರ್ನರ್ ಗೌರವಪೂರ್ವಕವಾಗಿ ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟ. ಯುದ್ಧದ ಕಾಲದಲ್ಲಿಯೂ ಇಂತಹ ಸೌಜನ್ಯ ಉಳಿದಿತ್ತು ಎಂಬುದು ಗಮನಾರ್ಹ.

1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಆಧಾರರೇಖೆ ಅಳೆಯಲಾಯಿತು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದು ಬಂದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ಮುಂದೆ ಸರಪಳಿ ಮಂಗಳೂರಿನ ಕಡಲನ್ನು ಮುಟ್ಟಿದಾಗ ಮದ್ರಾಸಿನಿಂದ ಅಲ್ಲಿಗೆ ಸುಮಾರು 360 ಮೈಲಿ ಎಂದು ತಿಳಿಯಿತು. ಹಳೆಯ ನಕ್ಷೆಗಳು ತೋರಿಸುತ್ತಿದ್ದುದು 400 ಮೈಲಿ. ಕಾಗದದ ಮೇಲಷ್ಟೇ ಇದ್ದ ನಲವತ್ತು ಮೈಲಿ ಅಗಲದ ನೆಲ ಒಮ್ಮೆಲೇ ಮಾಯವಾಯಿತು.

ಆದರೂ ವಿರೋಧ ತಪ್ಪಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕೆನಿಸಿದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ನಕ್ಷೆ ನೋಡದೆಯೇ ಅವರು ತಲುಪಿಸುತ್ತಾರೆ. ಇಷ್ಟೊಂದು ಹಣ ಸುರಿಯುವುದೇಕೆ ಎಂಬರ್ಥದಲ್ಲಿ ಮದ್ರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬ ಕೇಳಿದನಂತೆ. ಹೆಸರಾಂತ ನಕ್ಷೆಗಾರ ಮೇಜರ್ ರೆನೆಲ್ ಕೂಡ ಮೊದಲಿಗೆ ಆಕ್ಷೇಪಿಸಿದ. ಇಂಗ್ಲೆಂಡಿನ ರಾಜ ಖಗೋಳಜ್ಞ ಮಾಸ್ಕೆಲಿನ್ ಪರವಾಗಿ ನಿಂತದ್ದರಿಂದ ಕೆಲಸ ಉಳಿಯಿತು. ಸರ್ಕಾರಿ ಲೆಕ್ಕಪತ್ರದವರ ಪ್ರಶ್ನೆ ಅಂದಿಗೂ ಇಂದಿಗೂ ಒಂದೇ ಬಗೆ.

ಸಮತಲವಲ್ಲದ ನೆಲ

ಸಿಂಧನೂರಿನ ಎರೆಹೊಲದ ನಡುವೆ ನಿಂತವನಿಗೆ ಭೂಮಿ ಚಾಪೆ ಹಾಸಿದಂತೆ ಸಪಾಟಾಗಿ ಕಾಣುತ್ತದೆ. ಗ್ರಾಮದ ಅಳತೆಗೆ ಹಾಗೆಂದುಕೊಂಡರೆ ಯಾವ ಕೇಡೂ ಇಲ್ಲ. ನಮ್ಮ ಭೂಮಾಪನದ ಸರಪಳಿ 33 ಅಡಿ, ಅದಕ್ಕೆ ಹದಿನಾರು ಆಣೆ. ಒಂದು ಚದರ ಸರಪಳಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಎಳೆದ ಗೆರೆಗಳು ಒಂದೇ ಸಮತಲದಲ್ಲಿವೆ ಎಂದೇ ಈ ಲೆಕ್ಕ ನಂಬುತ್ತದೆ. ಆದರೆ ಹಳ್ಳಿಗೆ ಹಳ್ಳಿ, ತಾಲ್ಲೂಕಿಗೆ ತಾಲ್ಲೂಕು ಸೇರಿಸುತ್ತ ಹೋದಂತೆ ಆ ನಂಬಿಕೆ ಕುಸಿಯುತ್ತದೆ. ಲಿಂಗಸುಗೂರಿನಲ್ಲಿ ನೆಲಕ್ಕೆ ತಾಗಿಸಿ ಸಮತಲವೊಂದನ್ನು ಹಾಸಿ ಮಸ್ಕಿಯವರೆಗೆ ಚಾಚಿದರೆ ಅಷ್ಟರಲ್ಲಿ ಭೂಮಿಯು ಆ ಸಮತಲದಿಂದ ಸುಮಾರು ಐವತ್ತು ಮೀಟರ್ ಕೆಳಕ್ಕೆ ಬಾಗಿರುತ್ತದೆ. ಭೂಮಾಪಕರು ಗುಡ್ಡದ ತುದಿ, ಕೋಟೆಯ ಬುರುಜು, ದೇಗುಲದ ಗೋಪುರಗಳನ್ನು ಹುಡುಕಿಕೊಂಡು ಹೋದದ್ದು ಇದೇ ಕಾರಣಕ್ಕೆ.

ಸಮತಲದ ಮೇಲಿನ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ. ದುಂಡಗಿನ ಭೂಮಿಯ ಮೇಲೆ ಮೊತ್ತ ಅದಕ್ಕಿಂತ ಕೊಂಚ ಹೆಚ್ಚು; ಸುಮಾರು 197 ಚದರ ಕಿ.ಮೀ. ವಿಸ್ತೀರ್ಣಕ್ಕೆ ಒಂದು ಸೆಕೆಂಡಿನಂತೆ, ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗದಂತೆ, ಹೆಚ್ಚುತ್ತದೆ. ಸಾವಿರ ಚದರ ಕಿ.ಮೀ.ಯ ತ್ರಿಕೋನದಲ್ಲಿ ಐದು ಸೆಕೆಂಡು. ಇಷ್ಟು ಸಣ್ಣದನ್ನು ಲೆಕ್ಕಕ್ಕೆ ಹಿಡಿಯುವವನನ್ನು ಹುಚ್ಚನೆನ್ನಬಹುದು. ಆದರೆ ಆ ಐದು ಸೆಕೆಂಡನ್ನು ಕಡೆಗಣಿಸಿದ್ದರೆ ಲ್ಯಾಂಬ್ಟನ್‌ನ ಗೆರೆ ಕನ್ಯಾಕುಮಾರಿಯಿಂದ ಬೀದರ್‌ವರೆಗೆ ನೆಟ್ಟಗೆ ಬರುತ್ತಿರಲಿಲ್ಲ.

ನೆಟ್ಟಗಿನ ವಿಷಯ ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಗೌಂಡಿಗಳು ಗೋಡೆ ಕಟ್ಟುವಾಗ ದಾರಕ್ಕೆ ತೂಕದ ಗುಂಡನ್ನು ಕಟ್ಟಿ ಇಳಿಬಿಡುತ್ತಾರೆ. ಆ ದಾರವೇ ಲಂಬರೇಖೆ, ಅದಕ್ಕೆ ಅನುಮಾನವಿಲ್ಲ ಎಂಬುದು ಎಲ್ಲರ ನಂಬಿಕೆ. ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿರ್ಧರಿಸುವ ಉಪಕರಣಕ್ಕೂ ಅದೇ ಗುಂಡೇ ಆಧಾರ. ಬೆಂಗಳೂರಿನ ದೊಡ್ಡಗುಂಟದಲ್ಲಿ ಲ್ಯಾಂಬ್ಟನ್ ಮಾಡಿದ ವೀಕ್ಷಣೆಗಳು ಇತರ ಕೇಂದ್ರಗಳ ಲೆಕ್ಕಕ್ಕೆ ಹೊಂದಲಿಲ್ಲ. ಆತ ಮತ್ತೆ ಮತ್ತೆ ಪರೀಕ್ಷಿಸಿದ. ನೆಲದಡಿಯಲ್ಲಿ ಅಡಗಿರುವ ಭಾರವಾದ ಅದಿರಿನ ರಾಶಿ ಗುಂಡನ್ನು ತನ್ನತ್ತ ಸೆಳೆಯುತ್ತಿರಬೇಕೆಂಬ ಊಹೆಗೆ ಬಂದ. ಹಿಮಾಲಯವು ಗುಂಡನ್ನು ಸೆಳೆಯುವ ಪ್ರಶ್ನೆ ವಿಜ್ಞಾನಿಗಳನ್ನು ಕಾಡಿದ್ದು ಬಹಳ ವರ್ಷಗಳ ನಂತರ. ಕಣ್ಣಿಗೆ ಬೆಟ್ಟವೇ ಇಲ್ಲದ ಬಯಲಿನಲ್ಲಿ ಲಂಬರೇಖೆಯನ್ನು ಅನುಮಾನಿಸಿದ ಈ ಧೈರ್ಯವೇ ಲ್ಯಾಂಬ್ಟನ್‌ನ ನಿಜವಾದ ಹಿರಿಮೆ ಎಂದು ಈ ವರದಿಗಾರನಿಗೆ ತೋರುತ್ತದೆ.

1808ರಲ್ಲಿ ತಂಜಾವೂರಿನಲ್ಲಿ ಆಪತ್ತು ಎದುರಾಯಿತು. ಬಯಲು ಸೀಮೆಯಲ್ಲಿ ಗುಡ್ಡಗಳಿಲ್ಲದೆ ಬೃಹದೀಶ್ವರ ದೇಗುಲದ ಮೇಲಕ್ಕೆ ಯಂತ್ರವನ್ನು ಎಳೆಯುತ್ತಿದ್ದಾಗ ಹಗ್ಗ ಕಡಿದು ಪೆಟ್ಟಿಗೆ ಗೋಡೆಗೆ ಅಪ್ಪಳಿಸಿತು. ಅಂಶಚಕ್ರ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಲಂಡನ್ನಿಗೆ ಪತ್ರ ಬರೆದು ಕಾಯುತ್ತಿದ್ದರು. ಲ್ಯಾಂಬ್ಟನ್ ಕೆಲವೇ ಕುಶಲಕರ್ಮಿಗಳೊಂದಿಗೆ ಕೊಠಡಿಯ ಬಾಗಿಲು ಹಾಕಿಕೊಂಡು ಆರು ವಾರಗಳ ಕಾಲ ಬೆಣೆ, ತಿರುಪು, ರಾಟೆಗಳಿಂದ ಚಕ್ರವನ್ನು ಎಳೆದೆಳೆದು ಮತ್ತೆ ದುಂಡಗೆ ಮಾಡಿದ. ಅದೇ ಯಂತ್ರ ಮುಂದೆಯೂ ಬಹುಕಾಲ ದುಡಿಯಿತು.

ದೋಆಬಿನ ಅಂಚಿನಲ್ಲಿ

ಪೂರ್ವ ರೇಖಾಂಶ 78 ಡಿಗ್ರಿಯ ಸನಿಹದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗಿದ ತ್ರಿಕೋನಗಳ ಸರಪಳಿಯೇ ಮಹಾಚಾಪವೆಂದು ಹೆಸರಾದದ್ದು. ಬೆಂಗಳೂರು, ಪಾವಗಡಗಳನ್ನು ದಾಟಿ ಅದು 1811ರಲ್ಲಿ ಗುತ್ತಿಯನ್ನು ತಲುಪಿತು, ಅಲ್ಲೊಂದು ಆಧಾರರೇಖೆ. 1815ರಲ್ಲಿ ಬೀದರ್ ಸಮೀಪದ ದಾಮರಗಿದ್ದದಲ್ಲಿ ಇನ್ನೊಂದು. ಈ ಎರಡರ ನಡುವೆ ಸರಪಳಿಯು ತುಂಗಭದ್ರೆ, ಕೃಷ್ಣೆಗಳನ್ನು ದಾಟಿ ನಿಜಾಮನ ಸೀಮೆಯಲ್ಲಿ ಸಾಗಿತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ರೇಖೆ ಅದರಿಂದ ಪಶ್ಚಿಮಕ್ಕೆ ಸುಮಾರು ಒಂದು ಡಿಗ್ರಿ, ಎಂದರೆ ನೂರು ಕಿ.ಮೀ.ಗಳಷ್ಟು ದೂರ. ಹೀಗೆ ನಮ್ಮ ದೋಆಬ್ ಆ ಬೆನ್ನೆಲುಬಿನ ಪಕ್ಕದ ನೆಲ.

ಗುಡ್ಡದ ಬಂಡೆಯ ಮೇಲೆ ಗುರುತು ಕೊರೆಯುವ, ಬಾವುಟ ಕಟ್ಟುವ, ಬುರುಜಿನ ಮೇಲಿಂದ ಕೊಳವೆಯಲ್ಲಿ ಕಣ್ಣಿಟ್ಟು ನೋಡುವ ಪರದೇಶಿಯನ್ನು ಕಂಡು ಜನ ಅನುಮಾನಪಟ್ಟರು. ಆ ಕೊಳವೆಯಲ್ಲಿ ಅಂತಃಪುರದ ಹೆಂಗಸರೂ ಕಾಣುತ್ತಾರೆ, ಅದೂ ತಲೆಕೆಳಗಾಗಿ ಎಂಬ ವದಂತಿ ಅನೇಕ ಕಡೆ ಹಬ್ಬಿತ್ತು. ಇದನ್ನು ಬರಿಯ ಮೂಢನಂಬಿಕೆ ಎಂದು ನಗುವುದು ಸರಿಯಲ್ಲ. ಆ ಯಂತ್ರದಲ್ಲಿ ಬಿಂಬ ತಲೆಕೆಳಗಾಗಿಯೇ ಕಾಣುತ್ತಿತ್ತು. ಮೇಲಾಗಿ ಅಳೆದ ನೆಲದ ಮೇಲೆ ಫಿರಂಗಿ ಸಾಗಿಸುವುದು, ಕಂದಾಯ ಹಾಕುವುದು ಸುಲಭ ಎಂಬುದು ಪಾಳೆಯಗಾರರಿಗೂ ತಿಳಿದಿತ್ತು. ಲ್ಯಾಂಬ್ಟನ್‌ಗೆ ಭೂಮಿಯ ಆಕಾರ ಬೇಕಿತ್ತು. ಅವನಿಗೆ ಸಂಬಳ ಕೊಡುತ್ತಿದ್ದ ಕಂಪನಿಗೆ ಭೂಮಿಯೇ ಬೇಕಿತ್ತು.

ಬೆಲೆ ತೆತ್ತವರು ಹೆಚ್ಚಾಗಿ ಹೆಸರಿಲ್ಲದವರು. 1819ರಲ್ಲಿ ಹೈದರಾಬಾದಿನ ಪೂರ್ವಕ್ಕೆ, ಕೃಷ್ಣೆ ಗೋದಾವರಿಗಳ ನಡುವಿನ ಕಾಡಿನಲ್ಲಿ ಎವರೆಸ್ಟ್ ನಡೆಸುತ್ತಿದ್ದ ತಂಡದ ಮೇಲೆ ವಿಷಮಜ್ವರ ಎರಗಿತು. ಸುಮಾರು ನೂರೈವತ್ತು ಮಂದಿ ಹಾಸಿಗೆ ಹಿಡಿದರು, ಹೈದರಾಬಾದಿಗೆ ಸಾಗಿಸುವ ದಾರಿಯಲ್ಲಿಯೇ ಹದಿನೈದು ಮಂದಿ ತೀರಿಕೊಂಡರು. ಯಂತ್ರ ಹೊತ್ತವರು, ಬಾವುಟ ಹಿಡಿದವರು, ಗುಡ್ಡದ ತುದಿಯಲ್ಲಿ ರಾತ್ರಿಯೆಲ್ಲ ದೀಪ ಕಾದವರು ಅವರು. ಎವರೆಸ್ಟ್ ಚೇತರಿಕೆಗಾಗಿ ಗುಡ್‌ಹೋಪ್ ಭೂಶಿರಕ್ಕೆ ಹೋಗಬೇಕಾಯಿತು. ಅವರಿಗೆ ಅಂತಹ ಅವಕಾಶ ಎಲ್ಲಿಯದು?

ಲ್ಯಾಂಬ್ಟನ್‌ಗೆ ಕೀರ್ತಿ ಬಂತು, ತಡವಾಗಿ. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಸದಸ್ಯನನ್ನಾಗಿ ಆರಿಸಿತು. 1818ರ ಜನವರಿ 1ರಿಂದ ಆತನ ಸರ್ವೆಯು ಭಾರತದ ಮಹಾ ತ್ರಿಕೋನಮಿತಿ ಸರ್ವೆ ಎಂಬ ಹೆಸರು ಪಡೆದು ನೇರವಾಗಿ ಗವರ್ನರ್ ಜನರಲ್‌ನ ಅಧೀನಕ್ಕೆ ಬಂತು. ಆ ಹೊತ್ತಿಗೆ ಕನ್ಯಾಕುಮಾರಿ ಸಮೀಪದ ಪುನ್ನೈ ಗುಡ್ಡದಿಂದ ದಾಮರಗಿದ್ದದವರೆಗೆ ಸುಮಾರು ಹತ್ತು ಡಿಗ್ರಿ ಅಕ್ಷಾಂಶದಷ್ಟು ಚಾಪ ಮುಗಿದಿತ್ತು. ಆತನ ಜೀವಿತಾವಧಿಯಲ್ಲಿ ತ್ರಿಕೋನಗಳು ಆವರಿಸಿದ ನೆಲ 1,65,000 ಚದರ ಮೈಲಿಗೂ ಹೆಚ್ಚು.

ವಯಸ್ಸು ಎಪ್ಪತ್ತರ ಹತ್ತಿರ, ಎದೆಯಲ್ಲಿ ಕೆಮ್ಮು. ಆದರೂ ಹೈದರಾಬಾದಿನಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಸರ್ವೆಯ ಕೇಂದ್ರವನ್ನು ನಾಗಪುರಕ್ಕೆ ಸಾಗಿಸುತ್ತ ಉತ್ತರಕ್ಕೆ ಹೊರಟ. ದಾರಿಯಲ್ಲಿ, ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ, 1823ರ ಜನವರಿ 20ರಂದು ಗುಡಾರದಲ್ಲಿಯೇ ಕಣ್ಣುಮುಚ್ಚಿದ. ನಮ್ಮ ರಾಯಚೂರಿನಂತೆಯೇ ಹತ್ತಿಯ ಪೇಟೆಗೆ ಹೆಸರಾದ ಊರು ಅದು. ಸಮಾಧಿಯೂ ಅಲ್ಲಿಯೇ ಇದೆ.

ಎವರೆಸ್ಟ್ ಕೆಲಸವನ್ನು ಕೈಗೆತ್ತಿಕೊಂಡ. ಗುರುವಿನ ಅಳತೆಗಳನ್ನು ತನ್ನ ಅಳತೆಗಳೊಂದಿಗೆ ಸೇರಿಸಿ 1830ರಲ್ಲಿ ಭೂಮಿಯ ಆಕಾರದ ಲೆಕ್ಕವನ್ನು ಪ್ರಕಟಿಸಿದ. ಭಾರತದ ನಕ್ಷೆಗಳು ಬಹುಕಾಲ ನಿಂತದ್ದು ಅದೇ ಲೆಕ್ಕದ ಮೇಲೆ. 1841ರ ವೇಳೆಗೆ ಚಾಪ ಹಿಮಾಲಯದ ತಪ್ಪಲನ್ನು ಮುಟ್ಟಿತು. ಈಗ ಹೊಲದ ಹದ್ದುಬಸ್ತಿಗೆ ಡ್ರೋನ್ ಹಾಗೂ ಜಿ.ಪಿ.ಎಸ್. ಬಂದಿವೆ, ಉಪಗ್ರಹದ ಲೆಕ್ಕವೂ ಭೂಮಿಯನ್ನು ಸಮತಲವೆಂದು ಒಪ್ಪುವುದಿಲ್ಲ. ಹಳೆಯ ಗುರುತುಗಳು ಮಾತ್ರ ಒಂದೊಂದಾಗಿ ಅಳಿಯುತ್ತಿವೆ. ಬೆಂಗಳೂರಿನ ಕಣ್ಣೂರಿನಲ್ಲಿದ್ದ ಈ ಸರ್ವೆಯ ವೀಕ್ಷಣಾಗೃಹ 2024ರಲ್ಲಿ ನೆಲಸಮವಾಯಿತು. ಸರ್ವೆ ಇಲಾಖೆಯ ನಕ್ಷೆಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ಪುಟ್ಟ ತ್ರಿಕೋನವೊಂದು, ಅದರ ಪಕ್ಕದಲ್ಲಿ ಎತ್ತರದ ಅಂಕಿ ಇರುತ್ತದೆ. ಆ ಜಾಗದ ಬಂಡೆಯ ಮೇಲೆ ವೃತ್ತದ ನಡುವೆ ಚುಕ್ಕೆ ಕೊರೆದ ಗುರುತು ಕಂಡರೆ, ಕಲ್ಲು ಒಡೆಯುವವರು ಅಲ್ಲಿಗೆ ಬರುವ ಮುನ್ನ ತಾಲ್ಲೂಕು ಕಚೇರಿಯ ಭೂಮಾಪನ ಶಾಖೆಗೆ ತಿಳಿಸಬಹುದು.